ಮನೆಯಲ್ಲೇ ಏಷ್ಯನ್ ನೂಡಲ್ಸ್ ಮತ್ತು ಫ್ರೆಶ್ ಸ್ಪ್ರಿಂಗ್ ರೋಲ್: ಪದೇ ಪದೇ ಕೇಳುವ ಪ್ರಶ್ನೆಗಳು

ನೂಡಲ್ಸ್ ಚೆನ್ನಾಗಿ ಬರದಿದ್ದರೆ ಎಲ್ಲರೂ ಮೊದಲು ಬೈಯುವುದು ಸಾಸನ್ನು. ಪಾಪ, ಅದರ ತಪ್ಪೇನೂ ಇರುವುದಿಲ್ಲ. ಬಹಳಷ್ಟು ಸಲ ಅಡುಗೆ ಕೆಟ್ಟಿರುವುದು ಅದಕ್ಕೂ ಮೊದಲೇ, ನೀರಿನ ಪಾತ್ರೆಯಲ್ಲಿ. ಎಷ್ಟು ಹೊತ್ತು ನೆನೆಸಿದಿರಿ, ನೀರು ಎಷ್ಟು ಬಿಸಿಯಿತ್ತು, ಬಸಿದ ಮೇಲೆ ತೊಳೆದಿರಾ ಇಲ್ಲವಾ ಎಂದು ನಾನು ತಿರುಗಿ ಕೇಳುವುದು ಅದಕ್ಕೇ. ಮೇಲಿಂದ ಮೇಲೆ ಬರುವ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟಿಗೆ ಹಾಕಿದ್ದೇನೆ.

ಅಂಗಡಿಯಲ್ಲಿ ಹತ್ತಾರು ಬಗೆ ಇರುತ್ತೆ. ಯಾವುದನ್ನು ತಗೊಳ್ಳೋದು?

ಪೊಟ್ಟಣದ ಮುಂದಿನ ಚಿತ್ರ ಬಿಡಿ, ಹಿಂದೆ ತಿರುಗಿಸಿ ಯಾವ ಹಿಟ್ಟು ಅಂತ ಓದಿ. ಬೇಯಿಸುವ ಕ್ರಮ ನಿಂತಿರುವುದೇ ಅದರ ಮೇಲೆ.

ಗೋಧಿಯದಾದರೆ ಕುದಿಯುವ ನೀರು ಬೇಕು. ಚೀನಾದ ಮೊಟ್ಟೆ ನೂಡಲ್ಸ್, ಜಪಾನಿನ ರಾಮೆನ್, ಉಡೊನ್, ಸೋಮೆನ್ ಎಲ್ಲ ಈ ಗುಂಪು. ಉಡೊನ್‌ಗೂ ಸೋಮೆನ್‌ಗೂ ಏನು ವ್ಯತ್ಯಾಸ ಅಂತ ಕೇಳುತ್ತಾರೆ. ಯಂತ್ರದಲ್ಲಿ ಮಾಡಿದ ಒಣ ನೂಡಲ್ಸ್‌ಗೆ ಜಪಾನಿನ ಕೃಷಿ ಮಾನದಂಡ ದಪ್ಪದ ಲೆಕ್ಕವನ್ನೇ ಕೊಟ್ಟಿದೆ: ಎಳೆ 1.3 ಮಿ.ಮೀ.ಗಿಂತ ತೆಳುವಾಗಿದ್ದರೆ ಸೋಮೆನ್, 1.7 ಮಿ.ಮೀ. ಅಥವಾ ಅದಕ್ಕಿಂತ ದಪ್ಪ ಇದ್ದರೆ ಉಡೊನ್, ನಡುವಿನದು ಹಿಯಾಮುಗಿ. ಹಿಟ್ಟು ಒಂದೇ, ಹೆಸರು ಅಳತೆಪಟ್ಟಿಯದು.

ಅಕ್ಕಿಯದಾದರೆ ನೆನೆಸುವುದೇ ಮುಖ್ಯ. ಸಣ್ಣ ದುಂಡನೆಯ ಎಳೆಗೆ ವಿಯೆಟ್ನಾಮಿನಲ್ಲಿ ಬುನ್ ಅನ್ನುತ್ತಾರೆ, ಸ್ಪ್ರಿಂಗ್ ರೋಲ್ ಒಳಗೆ ಹೋಗುವುದು ಅದು. ಚಪ್ಪಟೆ ಪಟ್ಟಿಯಂಥದ್ದು ವಿಯೆಟ್ನಾಮಿನ ಫೋ ಸೂಪಿಗೂ ಥಾಯ್ಲೆಂಡಿನ ಹುರಿದ ನೂಡಲ್ಸ್ ಆದ ಪ್ಯಾಡ್ ಥಾಯ್‌ಗೂ ಆಗುತ್ತದೆ.

ಮೂರನೆಯದು ಬರೀ ಪಿಷ್ಟದಿಂದ ಮಾಡಿದ ಗ್ಲಾಸ್ ನೂಡಲ್ಸ್. ಹೆಸರುಕಾಳಿನ ಪಿಷ್ಟದ್ದು ತೆಳು, ಕೊರಿಯಾದ ಗೆಣಸಿನ ಪಿಷ್ಟದ್ದು ದಪ್ಪ ಮತ್ತು ರಬ್ಬರಿನ ಹಾಗೆ ಪುಟಿಯುತ್ತದೆ. ಇವುಗಳ ಜೊತೆಗೆ ಬಕ್‌ವೀಟ್ ಹಿಟ್ಟಿನ ಸೋಬಾ. ಹೆಸರಿನಲ್ಲಿ ಗೋಧಿ ಇದ್ದರೂ ಬಕ್‌ವೀಟ್ ಗೋಧಿಯ ಜಾತಿಯದಲ್ಲ, ಹುಲ್ಲಿನ ಜಾತಿಯೂ ಅಲ್ಲ.

ಬೇಯಿಸುವ ನೀರಿಗೆ ಉಪ್ಪು ಹಾಕಬೇಕಾ?

ಬೇಡ. ಗೋಧಿ ನೂಡಲ್ಸ್ ಹಿಟ್ಟು ಕಲಸುವಾಗಲೇ ಸಾಕಷ್ಟು ಉಪ್ಪು ಹಾಕಿರುತ್ತಾರೆ, ಆಮೇಲೆ ಸೋಯಾ ಸಾಸೋ ಫಿಶ್ ಸಾಸೋ ಬೀಳುತ್ತದೆ. ಇಟಾಲಿಯನ್ ಪಾಸ್ತಾದ ಅಭ್ಯಾಸವನ್ನು ಇಲ್ಲಿಗೆ ತರಬೇಡಿ.

ಗೋಧಿ ನೂಡಲ್ಸ್ ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತೆ. ಎಣ್ಣೆ ಹಾಕಿದರೂ ಅಷ್ಟೇ.

ಕುದಿಯುವ ನೀರಿಗೆ ಹಾಕಿದ ಎಣ್ಣೆ ಮೇಲೆ ತೇಲುತ್ತದೆ, ನೂಡಲ್ಸ್ ಕೆಳಗಿರುತ್ತದೆ. ಅವೆರಡೂ ಭೇಟಿಯಾಗುವುದು ಬಸಿಯುವಾಗ ಮಾತ್ರ.

ಅಂಟು ಅನ್ನುವುದು ಎಳೆಯ ಮೈಮೇಲಿಂದ ಬಿಟ್ಟ ಪಿಷ್ಟ. ನೀರು ಕಡಿಮೆ ಇದ್ದರೆ ಅದು ಗಂಜಿಯಾಗಿ ಎಳೆಗಳಿಗೇ ಮೆತ್ತಿಕೊಳ್ಳುತ್ತದೆ. 100 ಗ್ರಾಂ ಒಣ ನೂಡಲ್ಸ್‌ಗೆ ಕನಿಷ್ಠ 1 ಲೀಟರ್ ನೀರು ಇರಲಿ, ಅದು ಭರ್ಜರಿಯಾಗಿ ಕುದಿಯುತ್ತಿರಲಿ. ಹಾಕಿದ ಮೊದಲ ಅರ್ಧ ನಿಮಿಷ ಕೋಲಿನಿಂದಲೋ ಫೋರ್ಕಿನಿಂದಲೋ ಬಿಡಿಸುತ್ತಲೇ ಇರಿ, ಏಕೆಂದರೆ ಎಳೆಗಳು ಹೆಚ್ಚು ಅಂಟುವುದು ಆಗಲೇ. ಆಮೇಲೆ ಸುಮ್ಮನಿದ್ದರೂ ನಡೆಯುತ್ತದೆ.

ಬೆಂದ ಮೇಲೆ ಜರಡಿಗೆ ಸುರಿದು ತಣ್ಣೀರಿನ ಕೆಳಗೆ ಹಿಡಿಯಿರಿ. ಸುಮ್ಮನೆ ನೀರು ಹಾಯಿಸಿದರೆ ಸಾಲದು. ಎರಡೂ ಕೈ ಹಾಕಿ ಬಟ್ಟೆ ಹಿಂಡಿದ ಹಾಗೆ ಹಗುರವಾಗಿ ಉಜ್ಜಿ. ಮೊದಲು ಕೈಗೆ ಲೋಳೆ ತಗಲುತ್ತದೆ, ಕೆಳಗೆ ಹಾಲಿನಂಥ ನೀರು ಇಳಿಯುತ್ತದೆ. ನೀರು ತಿಳಿಯಾಗಿ, ಎಳೆ ಬೆರಳ ನಡುವೆ ಜಾರುವ ಬದಲು ಕಿರ್ರೆಂದು ತಡೆದರೆ ಅಲ್ಲಿಗೆ ಸಾಕು. ತಣ್ಣೀರು ಬೇಯುವುದನ್ನೂ ಅಲ್ಲಿಗೇ ನಿಲ್ಲಿಸುತ್ತದೆ. ಬಿಸಿ ಸೂಪಿಗೆ ಹಾಕುವುದಾದರೆ ತೊಳೆದ ನೂಡಲ್ಸನ್ನು ಕುದಿನೀರಲ್ಲಿ ಹತ್ತು ಸೆಕೆಂಡ್ ಅದ್ದಿ ತೆಗೆಯಿರಿ. ಬಾಣಲೆಗೆ ಹಾಕುವುದು ತಡವಾಗುವುದಾದರೆ ಮಾತ್ರ, ನೀರು ಚೆನ್ನಾಗಿ ಬಸಿದ ಮೇಲೆ, ಒಂದು ಚಮಚ ಎಣ್ಣೆ ಸವರಿ.

ಪೊಟ್ಟಣದಲ್ಲಿ 4 ನಿಮಿಷ ಅಂತ ಇದ್ದು ನೀವು ಆಮೇಲೆ ಹುರಿಯುವವರಿದ್ದರೆ 3 ನಿಮಿಷಕ್ಕೇ ತೆಗೆಯಿರಿ. ಉಳಿದದ್ದು ಬಾಣಲೆಯಲ್ಲಿ ಬೇಯುತ್ತದೆ.

ಸೋಬಾ ಬೇಯಿಸುವಾಗ ನೀರು ಉಕ್ಕಿ ಒಲೆಯೆಲ್ಲ ಹಾಳು. ಏನು ಮಾಡಲಿ?

ದೊಡ್ಡ ಪಾತ್ರೆ ತೆಗೆದುಕೊಂಡು ಉರಿ ಸ್ವಲ್ಪ ಇಳಿಸಿ. ಹಳೆಯ ಜಪಾನಿ ಉಪಾಯವೊಂದಿದೆ: ಉಕ್ಕಿ ಬರುತ್ತಿದ್ದಂತೆ ಅರ್ಧ ಲೋಟ ತಣ್ಣೀರು ಸುರಿಯುವುದು. ಅದಕ್ಕೆ ಬಿಕ್ಕುರಿ ಮಿಝು, ಅಂದರೆ ಬೆಚ್ಚಿಬೀಳಿಸುವ ನೀರು ಎಂದು ಹೆಸರು. ನೊರೆ ನಿಜವಾಗಿಯೂ ಬೆಚ್ಚಿಬಿದ್ದ ಹಾಗೆ ಕೆಳಗೆ ಕೂರುತ್ತದೆ.

ಪ್ಯಾಡ್ ಥಾಯ್ ಮಾಡಿದರೆ ಅಕ್ಕಿ ನೂಡಲ್ಸ್ ಚೂರು ಚೂರಾಗುತ್ತೆ, ಇಲ್ಲವೇ ಅಂಟಂಟು.

ನೀವು ಅದನ್ನು ಕುದಿನೀರಲ್ಲಿ ಹಾಕಿದ್ದೀರಿ, ಅಲ್ಲವೇ? ಅಕ್ಕಿಯಲ್ಲಿ ಗೋಧಿಯಲ್ಲಿರುವಂಥ ಗ್ಲುಟನ್ ಎಂಬ ಜಿಗುಟು ಪ್ರೋಟೀನ್ ಇಲ್ಲ, ಎಳೆಯನ್ನು ಹಿಡಿದಿಡುವುದು ಪಿಷ್ಟ ಮಾತ್ರ. ಕುದಿಯುವ ನೀರಲ್ಲಿ ಹೊರಮೈ ಬೇಗ ಬೆಂದು ಕರಗುತ್ತದೆ, ಒಳಗಿನ್ನೂ ಗಟ್ಟಿ. ಆಮೇಲೆ ಬಾಣಲೆಯಲ್ಲಿ ಸೌಟು ತಿರುವಿದರೆ ಮುರಿಯದೆ ಇನ್ನೇನು?

ಸಾಮಾನ್ಯ ಉಷ್ಣತೆಯ ನೀರಲ್ಲಿ 30ರಿಂದ 40 ನಿಮಿಷ ನೆನೆಹಾಕಿ. ಪಿಷ್ಟ ಬೇಯಲು ಸುಮಾರು 70 ಡಿಗ್ರಿ ಸೆಲ್ಸಿಯಸ್ ಬೇಕು. ತಣ್ಣೀರಲ್ಲಿ ಎಳೆ ನೀರು ಕುಡಿಯುತ್ತದೆ, ಬೇಯುವುದಿಲ್ಲ. ನಮಗೆ ಬೇಕಾಗಿರುವುದೂ ಅದೇ. ಒಂದು ಎಳೆಯನ್ನು ಬೆರಳಿಗೆ ಸುತ್ತಿ ನೋಡಿ: ಮುರಿಯದೆ ಸುತ್ತಿಕೊಳ್ಳಬೇಕು, ಆದರೆ ಕಚ್ಚಿದರೆ ನಡುವೆ ಹಸಿ ಇರಬೇಕು. ಈ ಹದದಲ್ಲಿ ಬಸಿದು ಬಾಣಲೆಗೆ ಹಾಕಿ, ಸಾಸಿನ ಜೊತೆ ಎರಡು ಮೂರು ಚಮಚ ನೀರು ಬಿಟ್ಟು ಅಲ್ಲೇ ಬೇಯಿಸಿ. ಗಟ್ಟಿ ಅನ್ನಿಸಿದರೆ ಇನ್ನೊಂದು ಚಮಚ ನೀರು. ಕಡಿಮೆ ಬೆಂದದ್ದನ್ನು ಸರಿಮಾಡಬಹುದು, ಹೆಚ್ಚು ಬೆಂದದ್ದಕ್ಕೆ ಮದ್ದಿಲ್ಲ.

ಪ್ಯಾಡ್ ಥಾಯ್ ಸಾಸಿನ ಅಳತೆ ಹೇಳಿ. ಕೆಚಪ್ ಹಾಕಬಹುದಾ?

ಹುಣಸೆಹಣ್ಣಿನ ಗಟ್ಟಿ ರಸ, ತಾಳೆಬೆಲ್ಲ, ಫಿಶ್ ಸಾಸ್, ಮೂರೂ ಸಮಸಮ. ಇಬ್ಬರಿಗೆ ತಲಾ ಮೂರು ದೊಡ್ಡ ಚಮಚ. ಸಣ್ಣ ಉರಿಯಲ್ಲಿ ಬೆಲ್ಲ ಕರಗುವವರೆಗೆ ಬಿಸಿ ಮಾಡಿ ಬೆರಳಿಗೆ ಹಚ್ಚಿ ನೆಕ್ಕಿ ನೋಡಿ. ಹುಣಸೆಯ ಹುಳಿ ಒಂದೊಂದು ಸಲ ಒಂದೊಂದು ಥರ, ಹಾಗಾಗಿ ಅಳತೆಗಿಂತ ನಾಲಿಗೆಯನ್ನು ನಂಬಿ. ಮೊದಲು ಹುಳಿ, ಹಿಂದೆ ಸಿಹಿ, ಕೊನೆಗೆ ಉಪ್ಪು ಗೊತ್ತಾಗಬೇಕು. ಕೆಚಪ್ ಹಾಕುವವರಿದ್ದಾರೆ. ನಾನು ಹಾಕುವುದಿಲ್ಲ, ಹುಣಸೆ ಕೈಯಲ್ಲಿರುವಾಗ ಅದರ ಅಗತ್ಯವೇ ಕಾಣುವುದಿಲ್ಲ.

ಅಂದಹಾಗೆ ಇದು ಬಹಳ ಪುರಾತನ ತಿನಿಸೇನಲ್ಲ. ಸಯಾಮ್ ದೇಶ 1939ರಲ್ಲಿ ಥಾಯ್ಲೆಂಡ್ ಎಂದು ಹೆಸರು ಬದಲಿಸಿಕೊಂಡ ಕಾಲದಲ್ಲಿ, ಪ್ರಧಾನಿ ಫಿಬುನ್ ಸೊಂಗ್‌ಖ್ರಾಮ್ ಸರ್ಕಾರ ನೂಡಲ್ಸ್ ತಿನ್ನಿ ಎಂದು ಜನರನ್ನು ಹುರಿದುಂಬಿಸಿತು. ಹುರಿಯುವ ಪದ್ಧತಿ ಚೀನೀ ವಲಸಿಗರದು, ಹುಣಸೆ-ಬೆಲ್ಲದ ರುಚಿ ಥಾಯ್.

ಹೋಟೆಲಿನ ಹುರಿದ ನೂಡಲ್ಸ್‌ಗೆ ಇರುವ ಹೊಗೆಯ ಘಮ ಮನೆಯಲ್ಲಿ ಬರುತ್ತಾ?

ಪೂರ್ತಿ ಬರುವುದಿಲ್ಲ, ಸುಳ್ಳು ಹೇಳಲಾರೆ. ಕ್ಯಾಂಟನೀಸ್‌ನಲ್ಲಿ ಅದಕ್ಕೆ ವೋಕ್ ಹೇ, ಅಂದರೆ ವೋಕ್‌ನ (ಚೀನೀ ಬಾಣಲೆಯ) ಉಸಿರು ಅನ್ನುತ್ತಾರೆ. ಹೋಟೆಲಿನ ಒಲೆ ಮನೆಯ ಒಲೆಗಿಂತ ಎಷ್ಟೋ ಪಟ್ಟು ಜೋರು. ಅಲ್ಲಿ ಬಾಣಲೆ ಎತ್ತಿ ಹಾರಿಸುವಾಗ ಎಣ್ಣೆಯ ಹನಿಗಳು ಜ್ವಾಲೆಗೆ ಸಿಕ್ಕಿ ಉರಿಯುತ್ತವೆ.

ಹತ್ತಿರಕ್ಕೆ ಹೋಗಬಹುದು. ಉಕ್ಕಿನ ಅಥವಾ ಕಬ್ಬಿಣದ ಬಾಣಲೆಯನ್ನು ಸಣ್ಣಗೆ ಹೊಗೆ ಏಳುವವರೆಗೆ ಬರಿದೇ ಕಾಯಿಸಿ, ಆಮೇಲೆ ಎಣ್ಣೆ ಹಾಕಿ. ನಾನ್‌ಸ್ಟಿಕ್‌ನಲ್ಲಿ ಮಾತ್ರ ಹೀಗೆ ಮಾಡಬೇಡಿ, ಅದರ ಲೇಪ ಕೆಡುತ್ತದೆ. ಒಂದು ಸಲಕ್ಕೆ ಹೆಚ್ಚೆಂದರೆ ಇಬ್ಬರಿಗಾಗುವಷ್ಟು. ನಾಲ್ಕು ಜನರಿದ್ದರೆ ಎರಡು ಸಲ ಮಾಡಿ, ಬೇಸರಪಡಬೇಡಿ. ಬಾಣಲೆ ತುಂಬಿದರೆ ತರಕಾರಿ ನೀರು ಬಿಡುತ್ತದೆ, ನೀರಿರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ, ಹುರಿಯುವ ಬದಲು ಬೇಯಿಸಿದಂತಾಗುತ್ತದೆ. ಇಲ್ಲೂ ತಕರಾರು ನೀರಿನದೇ ನೋಡಿ. ಎಲೆಕೋಸು, ಅಣಬೆಯನ್ನು ಬೇರೆ ಹುರಿದು ತಟ್ಟೆಗೆ ತೆಗೆದಿಟ್ಟು, ನೂಡಲ್ಸ್ ಹುರಿದಾದ ಮೇಲೆ ಮತ್ತೆ ಸೇರಿಸಿ. ಸೋಯಾ ಸಾಸನ್ನು ನೂಡಲ್ಸ್ ಮೇಲೆ ಸುರಿಯದೆ ಬಾಣಲೆಯ ಕಾದ ಅಂಚಿನಿಂದ ಇಳಿಬಿಡಿ. ಚುರ್ ಅಂದು ಕಂದಿದ ಆ ಕ್ಷಣದಲ್ಲೇ ಘಮ ಹುಟ್ಟುವುದು.

ರಾಮೆನ್‌ಗೆ ಆ ಹಳದಿ ಬಣ್ಣ, ಪುಟಿಯುವ ಜಗಿತ ಹೇಗೆ ಬರುತ್ತೆ? ಮೊಟ್ಟೆಯಿಂದಲಾ?

ಮೊಟ್ಟೆ ಇಲ್ಲದೆಯೂ ಬರುತ್ತದೆ. ಹಿಟ್ಟಿಗೆ ಕ್ಷಾರ ಸೇರಿಸುತ್ತಾರೆ: ಸೋಡಿಯಂ ಕಾರ್ಬೊನೇಟ್, ಪೊಟ್ಯಾಸಿಯಂ ಕಾರ್ಬೊನೇಟ್. ಜಪಾನಿನಲ್ಲಿ ಅದನ್ನು ಕಾನ್ಸುಯಿ ಅನ್ನುತ್ತಾರೆ. ಗೋಧಿ ಹಿಟ್ಟಿನಲ್ಲಿರುವ ಫ್ಲೇವನಾಯ್ಡ್ ಎಂಬ ಸಹಜ ವರ್ಣದ್ರವ್ಯಗಳು ಕ್ಷಾರ ಸೋಕಿದರೆ ಹಳದಿಯಾಗುತ್ತವೆ, ಗ್ಲುಟನ್ ಬಿಗಿಯಾಗುತ್ತದೆ.

ಕಾನ್ಸುಯಿ ಸಿಗದಿದ್ದರೆ ಅಡುಗೆ ಸೋಡಾವನ್ನು ತಟ್ಟೆಯಲ್ಲಿ ಹರಡಿ 120 ಡಿಗ್ರಿ ಓವನ್‌ನಲ್ಲಿ ಒಂದು ಗಂಟೆ ಇಡಿ. ನೀರಾವಿ, ಕಾರ್ಬನ್ ಡೈಆಕ್ಸೈಡ್ ಹೊರಟುಹೋಗಿ ಸೋಡಿಯಂ ಕಾರ್ಬೊನೇಟ್ ಉಳಿಯುತ್ತದೆ. 100 ಗ್ರಾಂ ಇಟ್ಟದ್ದು ಸುಮಾರು 63 ಗ್ರಾಂಗೆ ಇಳಿದಿದ್ದರೆ ಪೂರ್ತಿ ಆಗಿದೆ ಅಂತ ಲೆಕ್ಕ. ಹೆಚ್ಚಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. 200 ಗ್ರಾಂ ಮೈದಾಕ್ಕೆ 80 ಮಿ.ಲೀ. ನೀರು, 2 ಗ್ರಾಂ ಉಪ್ಪು, 2 ಗ್ರಾಂ ಈ ಸೋಡಾ. ಬರಿಗೈಯಲ್ಲಿ ಮುಟ್ಟಬೇಡಿ, ಚರ್ಮ ಉರಿಯುತ್ತದೆ. ಮೊದಲು ನೀರಿನಲ್ಲಿ ಕರಗಿಸಿಯೇ ಹಿಟ್ಟಿಗೆ ಹಾಕಿ.

ಇಷ್ಟು ಮಾಡಲು ಸಮಯವಿಲ್ಲವೆಂದರೆ ಒಣ ಸ್ಪಗೆಟ್ಟಿಯನ್ನು ಲೀಟರ್ ನೀರಿಗೆ ಒಂದೆರಡು ಚಿಕ್ಕ ಚಮಚ ಅಡುಗೆ ಸೋಡಾ ಹಾಕಿ ಬೇಯಿಸಿ. ನೊರೆ ಉಕ್ಕುತ್ತದೆ, ಕಾವಲಿರಿ. ರಾಮೆನ್‌ಗೆ ಸಾಕಷ್ಟು ಹತ್ತಿರ ಬರುತ್ತದೆ.

ಕೈಯಲ್ಲಿ ಎಳೆದು ಮಾಡುವ ನೂಡಲ್ಸ್ ಕಲಿಯಬಹುದಾ?

ಲಾನ್‌ಝೌ ಊರಿನ ಲಾಮಿಯಾನ್ ಮಾಡುವವರು ಹಿಟ್ಟಿನ ಒಂದೇ ಸುರುಳಿಯನ್ನು ಎಳೆದು ಮಡಿಸಿ, ಎಳೆದು ಮಡಿಸಿ ಏಳು ಸಲಕ್ಕೆ 128 ಎಳೆ, ಎಂಟು ಸಲಕ್ಕೆ 256 ಎಳೆ ಮಾಡುತ್ತಾರೆ. ಅದಕ್ಕೆ ವರ್ಷಗಟ್ಟಲೆ ಸಾಧನೆ ಬೇಕು. ಮನೆಯಲ್ಲಿ ಅಗಲ ಪಟ್ಟಿಯ ನೂಡಲ್ಸ್‌ನಿಂದ ಶುರುಮಾಡಿ. ಮೃದುವಾಗಿ ಕಲಸಿ, ಎಣ್ಣೆ ಸವರಿ ಎರಡು ಗಂಟೆ ಮುಚ್ಚಿಡಿ. ಎಳೆದಾಗ ರಬ್ಬರಿನಂತೆ ಹಿಂದಕ್ಕೆ ಸೆಳೆದರೆ ಗ್ಲುಟನ್ ಇನ್ನೂ ಬಿಗಿಯಾಗಿದೆ ಅಂತ ಅರ್ಥ, ಜಗಳವಾಡಬೇಡಿ, ಇನ್ನರ್ಧ ಗಂಟೆ ಬಿಡಿ.

ಈ ಕೆಲಸದ ಹಳಮೆ ಬೆರಗು ಹುಟ್ಟಿಸುವಂಥದ್ದು. ಚೀನಾದ ಚಿಂಗ್‌ಹಾಯ್ ಪ್ರಾಂತ್ಯದ ಲಾಜಿಯಾದಲ್ಲಿ ಮಗುಚಿಬಿದ್ದ ಮಣ್ಣಿನ ಬಟ್ಟಲಿನ ಕೆಳಗೆ ಸುಮಾರು 4,000 ವರ್ಷ ಹಳೆಯ ನೂಡಲ್ಸ್ ಸಿಕ್ಕಿದ್ದು 2005ರಲ್ಲಿ ಪ್ರಕಟವಾಯಿತು. ಅದು ಸಿರಿಧಾನ್ಯದ್ದು ಎಂದು ಸಂಶೋಧಕರು ಹೇಳಿದರು. ಗ್ಲುಟನ್ ಇಲ್ಲದ ಹಿಟ್ಟನ್ನು ಅಷ್ಟುದ್ದ ಎಳೆಯಲು ಹೇಗೆ ಸಾಧ್ಯ ಎಂದು ಕೆಲವು ವಿದ್ವಾಂಸರು ಪ್ರಶ್ನೆ ಎತ್ತಿದರು. ಹಿಟ್ಟು ಕಲಸಿದವರಿಗೆಲ್ಲ ಬರುವ ಪ್ರಶ್ನೆಯೇ.

ಸೂಪಿಗೆ ದಿನವಿಡೀ ಮೂಳೆ ಕುದಿಸಬೇಕಾ?

ಫೋಗೆ ಹೌದು, ಹಲವು ಗಂಟೆ. ಶುಂಠಿ, ಈರುಳ್ಳಿಯನ್ನು ನೇರ ಉರಿಯಲ್ಲಿ ಕರಕಾಗುವಂತೆ ಸುಟ್ಟು, ಚಕ್ರಮೊಗ್ಗು, ಚಕ್ಕೆಯ ಜೊತೆ ಹಾಕಿದರೆ ಆ ಪರಿಮಳ ಬರುತ್ತದೆ. ಭರ್ರೆಂದು ಕುದಿಸಬೇಡಿ, ಸೂಪು ಕದಡಿಹೋಗುತ್ತದೆ.

ಜಪಾನಿನ ದಾಶಿ ಎಂಬ ತಿಳಿಸಾರಿಗೆ ಅಷ್ಟು ಹೊತ್ತು ಬೇಡ. 1 ಲೀಟರ್ ನೀರಿಗೆ 10 ಗ್ರಾಂ ಕೊಂಬು ಎಂಬ ಒಣ ಕಡಲಪಾಚಿ, ಅರ್ಧ ಗಂಟೆ ನೆನೆಸಿ ನಿಧಾನ ಬಿಸಿ ಮಾಡಿ, ಕುದಿ ಬರುವ ಮೊದಲೇ ತೆಗೆಯಿರಿ. ಕುದಿಸಿದರೆ ಲೋಳೆಯಾಗಿ ಕಹಿ ಬಿಡುತ್ತದೆ. 1908ರಲ್ಲಿ ಕಿಕುನಾಯೆ ಇಕೆಡಾ ಈ ಕೊಂಬುವಿನಿಂದಲೇ ಗ್ಲುಟಮೇಟ್ ಎಂಬ ರುಚಿಕಾರಕವನ್ನು ಬೇರ್ಪಡಿಸಿ ಅದರ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ದಾಶಿಗೆ ಸಾಮಾನ್ಯವಾಗಿ ಒಣ ಮೀನಿನ ಚೂರನ್ನೂ ಹಾಕುತ್ತಾರೆ, ಸಸ್ಯಾಹಾರಿಗಳು ಅದರ ಬದಲು ಒಣ ಶಿಟಾಕೆ ಅಣಬೆ ನಾಲ್ಕೈದು ಹಾಕಿ, ರಾತ್ರಿಯಿಡೀ ತಣ್ಣೀರಲ್ಲಿ ಬಿಡಿ. ಅಣಬೆಯ ಗ್ವಾನಿಲೇಟ್ ಎಂಬ ಇನ್ನೊಂದು ರುಚಿಕಾರಕ ಕೊಂಬುವಿನ ಗ್ಲುಟಮೇಟ್ ಜೊತೆ ಸೇರಿದಾಗ ರುಚಿ ಎರಡರ ಮೊತ್ತಕ್ಕಿಂತ ಎಷ್ಟೋ ಹೆಚ್ಚು.

ಗ್ಲಾಸ್ ನೂಡಲ್ಸ್?

ಹೆಸರುಕಾಳಿನದಕ್ಕೆ ಬಿಸಿನೀರಲ್ಲಿ ನೆನೆಸಿದರೆ ಸಾಕು. ಗೆಣಸಿನದನ್ನು 6-7 ನಿಮಿಷ ಬೇಯಿಸಿ ತಣ್ಣೀರಲ್ಲಿ ತೊಳೆದು, ಕತ್ತರಿಯಿಂದ ಎರಡು ಮೂರು ಕಡೆ ಕತ್ತರಿಸಿ, ಎಳ್ಳೆಣ್ಣೆ ಸವರಿ. ಕೊರಿಯಾದ ಜಾಪ್‌ಛೇ ಇದರಿಂದಲೇ. ತಮಾಷೆಯೆಂದರೆ ಜಾಪ್‌ಛೇ ಅಂದರೆ ಬೆರಕೆ ತರಕಾರಿ, ಮೊದಲಿಗೆ ಅದರಲ್ಲಿ ನೂಡಲ್ಸೇ ಇರಲಿಲ್ಲ.

ಫ್ರೆಶ್ ಸ್ಪ್ರಿಂಗ್ ರೋಲ್‌ಗೂ ಕರಿದದ್ದಕ್ಕೂ ಏನು ವ್ಯತ್ಯಾಸ?

ಫ್ರೆಶ್ ರೋಲ್ ಅಂದರೆ ರೈಸ್ ಪೇಪರ್, ಅಂದರೆ ಅಕ್ಕಿಯ ತೆಳು ಒಣ ಹಾಳೆಯನ್ನು ಒದ್ದೆ ಮಾಡಿ, ಅದರೊಳಗೆ ನೂಡಲ್ಸ್, ತರಕಾರಿ ಸುತ್ತಿದ್ದು. ಅದನ್ನು ಕರಿಯುವುದಿಲ್ಲ, ರೋಲ್ ಸುತ್ತಿದ ಮೇಲೆ ಬೇಯಿಸುವುದೂ ಇಲ್ಲ. ವಿಯೆಟ್ನಾಮಿನ ದಕ್ಷಿಣದಲ್ಲಿ ಅದು ಗೋಯ್ ಕುವೊನ್. ಕರಿದದ್ದು ದಕ್ಷಿಣದಲ್ಲಿ ಚಾ ಜೋ, ಉತ್ತರದಲ್ಲಿ ನೆಮ್ ರಾನ್.

ರೈಸ್ ಪೇಪರ್ ಕೈಗೆ ಅಂಟುತ್ತೆ, ಹರಿಯುತ್ತೆ. ನನ್ನಿಂದ ಆಗಲ್ಲ ಅನ್ನಿಸಿಬಿಟ್ಟಿದೆ.

ನನಗೂ ಮೊದಲ ಸಲ ಹಾಗೇ ಅನ್ನಿಸಿತ್ತು. ಮನೆಗೆ ಆರು ಜನ ಬರುವವರಿದ್ದರು. ಮೆತ್ತಗಾಗಲಿ ಅಂತ ಬಿಸಿನೀರಲ್ಲಿ ಒಂದೊಂದು ಹಾಳೆಯನ್ನೂ ನಿಮಿಷಗಟ್ಟಲೆ ಬಿಟ್ಟೆ. ಎತ್ತಿದರೆ ಒದ್ದೆ ಟಿಶ್ಯೂ ಕಾಗದದ ಹಾಗೆ ಮುದುಡಿ, ಬಿಡಿಸಲು ಹೋದಷ್ಟೂ ಬೆರಳಿಗೇ ಸುತ್ತಿಕೊಂಡಿತು. ಹನ್ನೆರಡು ಹಾಳೆ ಕಸದ ಬುಟ್ಟಿಗೆ ಹೋಯಿತು. ಅವತ್ತು ಬಂದವರಿಗೆ ಒಳಗಿನದನ್ನೆಲ್ಲ ಬಟ್ಟಲಿಗೆ ಹಾಕಿ ಸಲಾಡ್ ಅಂತ ಕೊಟ್ಟೆ, ಯಾರಿಗೂ ಗೊತ್ತಾಗಲಿಲ್ಲ.

ತಪ್ಪು ಇಷ್ಟೇ: ಹಾಳೆ ನೀರಲ್ಲೇ ಮೆತ್ತಗಾಗಲಿ ಎಂದು ಕಾದದ್ದು. ಅಗಲ ತಟ್ಟೆಯಲ್ಲಿ ಸಾಮಾನ್ಯ ಉಷ್ಣತೆಯ ನೀರು ಇಟ್ಟು ಎರಡು ಮೂರು ಸೆಕೆಂಡ್ ಅದ್ದಿ. ಎತ್ತಿದಾಗ ಹಾಳೆ ಇನ್ನೂ ಗಟ್ಟಿಯಾಗೇ ಇರಬೇಕು, ಅದರ ಮೇಲಿನ ಬಿದಿರು ಚಾಪೆಯ ಗೆರೆಗಳು ಕಾಣಬೇಕು. ಹಾಗೇ ಹಲಗೆಯ ಮೇಲೆ ಹಾಸಿ. ಮೈಮೇಲಿನ ನೀರನ್ನು ಅದೇ ಕುಡಿದುಕೊಳ್ಳುತ್ತದೆ. ನೀವು ಲೆಟ್ಯೂಸ್, ನೂಡಲ್ಸ್ ಜೋಡಿಸುವಷ್ಟರಲ್ಲಿ, ಅಂದರೆ ಮುಕ್ಕಾಲು ನಿಮಿಷದಲ್ಲಿ, ಬಟ್ಟೆಯಂತೆ ಮೆತ್ತಗಾಗಿರುತ್ತದೆ. ಮರದ ಹಲಗೆಗೆ ಅಂಟಿದರೆ ಒದ್ದೆ ಮಾಡಿದ ಪ್ಲಾಸ್ಟಿಕ್ ಹಲಗೆ ಅಥವಾ ಹಿಂಡಿದ ಒದ್ದೆ ಬಟ್ಟೆಯ ಮೇಲೆ ಮಾಡಿ.

ಸುತ್ತುವ ಕ್ರಮ?

22 ಸೆ.ಮೀ. ಹಾಳೆ ಮೊದಲ ಸಲಕ್ಕೆ ಸರಿ. ನಿಮ್ಮ ಕಡೆಯ ಅಂಚಿನಿಂದ ಮೂರನೇ ಒಂದು ಭಾಗ ಬಿಟ್ಟು ಅಡ್ಡಕ್ಕೆ ಲೆಟ್ಯೂಸ್ ಎಲೆ, ಅದರ ಮೇಲೆ ಬೆಂದು ಆರಿದ ಬುನ್ ಒಂದು ಹಿಡಿ, ಕಡ್ಡಿಯಂತೆ ಹೆಚ್ಚಿದ ಸೌತೆಕಾಯಿ, ಕ್ಯಾರೆಟ್, ಪುದೀನ, ಕೊತ್ತಂಬರಿ. ಲೆಟ್ಯೂಸ್ ಕೆಳಗಿದ್ದರೆ ಕ್ಯಾರೆಟ್ಟಿನ ಚೂಪು ತುದಿ ಹಾಳೆಯನ್ನು ಚುಚ್ಚುವುದಿಲ್ಲ. ಸೌತೆಕಾಯಿಯ ತಿರುಳು ಕೆರೆದು ತೆಗೆಯಿರಿ, ನೀರು ಬಿಡುವುದೇ ಅದು.

ಇವನ್ನು ಬಿಗಿಯಾಗಿ ಒತ್ತಿ ಅರ್ಧ ಸುತ್ತು ಸುತ್ತಿ, ಎರಡೂ ಬದಿ ಒಳಕ್ಕೆ ಮಡಚಿ. ಈಗ ಮುಂದೆ ಖಾಲಿ ಉಳಿದ ಜಾಗದಲ್ಲಿ ಉದ್ದಕ್ಕೆ ಸೀಳಿದ ಬೆಂದ ಸಿಗಡಿಯನ್ನು ಕೆಂಪು ಮೈ ಕೆಳಗಾಗುವಂತೆ ಮೂರು ಇಟ್ಟು, ಉಳಿದದ್ದನ್ನು ಉರುಳಿಸಿ. ಸಿಗಡಿಯ ಬಣ್ಣ ಹಾಳೆಯಾಚೆ ಕಾಣುವುದು ಹೀಗೆ. ಸಿಗಡಿ ಬೇಡವಾದವರು ಪುದೀನದ ಇಡೀ ಎಲೆ ಇಟ್ಟು ನೋಡಿ, ಅದೂ ಚಂದ. ಆಸೆಪಟ್ಟು ಹೆಚ್ಚು ತುಂಬಿದರೆ ಹರಿದೇ ಹರಿಯುತ್ತದೆ.

ಅದ್ದಿಕೊಳ್ಳಲು ಏನು?

ನುವೊಕ್ ಚಾಮ್: ಫಿಶ್ ಸಾಸ್ ಒಂದು ಪಾಲು, ನಿಂಬೆರಸ ಒಂದು, ಸಕ್ಕರೆ ಒಂದು, ಬೆಚ್ಚಗಿನ ನೀರು ಮೂರು ಪಾಲು. ಸಕ್ಕರೆ ಕರಗಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಮೆಣಸಿನಕಾಯಿ. ದಪ್ಪ ಸಾಸ್ ಬೇಕಿದ್ದರೆ ನಾಲ್ಕು ಚಮಚ ಹೊಯ್ಸಿನ್ ಸಾಸ್ (ಚೀನಾದ ಸಿಹಿ-ಉಪ್ಪಿನ ದಪ್ಪ ಸಾಸ್), ಎರಡು ಚಮಚ ಕಡಲೆಕಾಯಿ ಬೆಣ್ಣೆ, ನಾಲ್ಕೈದು ಚಮಚ ನೀರು ಸೇರಿಸಿ ಒಂದು ಕುದಿ ಕುದಿಸಿ, ಮೇಲೆ ಹುರಿದ ಕಡಲೆಕಾಯಿ ಪುಡಿ ಉದುರಿಸಿ.

ಫಿಶ್ ಸಾಸ್ ತಿನ್ನದವರು?

ಒಣ ಶಿಟಾಕೆ ನೆನೆಸಿದ ನೀರನ್ನು ಕುದಿಸಿ ಅರ್ಧಕ್ಕೆ ಇಳಿಸಿ, ಸೋಯಾ ಸಾಸ್, ಉಪ್ಪು ಸೇರಿಸಿ ಶೀಷೆಯಲ್ಲಿಟ್ಟುಕೊಳ್ಳಿ. ಬರೀ ಸೋಯಾ ಸಾಸ್ ಹಾಕಿದರೆ ಬಣ್ಣವೂ ರುಚಿಯೂ ಬೇರೆಯೇ ಆಗಿಬಿಡುತ್ತದೆ.

ರೋಲ್ ಬೆಳಿಗ್ಗೆ ಮಾಡಿ ಫ್ರಿಜ್‌ನಲ್ಲಿಟ್ಟರೆ ಸಂಜೆಗೆ ಆಗುತ್ತಾ?

ಹಾಳೆ ಚರ್ಮದಂತೆ ಬಿರುಸಾಗುತ್ತದೆ. ತಣ್ಣಗಿರುವಲ್ಲಿ ಪಿಷ್ಟ ಒಳಗಿನ ನೀರನ್ನು ಹೊರಗೆ ತಳ್ಳಿ ಮತ್ತೆ ಗಟ್ಟಿಗಟ್ಟುತ್ತದೆ. ಬೇಕಾದ್ದನ್ನೆಲ್ಲ ಹೆಚ್ಚಿ ಫ್ರಿಜ್‌ನಲ್ಲಿಡಿ, ರೋಲನ್ನು ಊಟಕ್ಕೆ ಮುಂಚೆ ಸುತ್ತಿ. ಸುತ್ತಿದವನ್ನು ಒಂದಕ್ಕೊಂದು ತಾಗದಂತೆ ಇಟ್ಟು ಒದ್ದೆ ಬಟ್ಟೆ ಮುಚ್ಚಿದರೆ ಒಂದೆರಡು ಗಂಟೆ ತೊಂದರೆಯಿಲ್ಲ, ಅದಕ್ಕಿಂತ ಹೆಚ್ಚು ಹೊರಗೆ ಇಡಬೇಡಿ. ಎಲ್ಲಕ್ಕಿಂತ ಸುಲಭ, ಎಲ್ಲವನ್ನೂ ಮೇಜಿನ ನಡುವೆ ಇಟ್ಟು ಅವರವರದನ್ನು ಅವರವರೇ ಸುತ್ತಿಕೊಳ್ಳಲು ಬಿಡುವುದು.

ಉಳಿದ ನೂಡಲ್ಸ್ ಮರುದಿನ ತಿನ್ನಬಹುದಾ?

ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗಿದ್ದರೆ ತಿನ್ನಬಹುದು. ರಾತ್ರಿಯಿಡೀ ಅಡುಗೆಮನೆಯಲ್ಲೇ ಇದ್ದದ್ದನ್ನು ಬಿಸಾಡಿ. ಬೆಂದ ಅಕ್ಕಿ, ಗೋಧಿ ಪದಾರ್ಥಗಳಲ್ಲಿ ಬೆಳೆಯುವ ಬೆಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬಿಡುವ, ವಾಂತಿ ತರಿಸುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಗ್ಲುಟನ್ ಆಗದವರು ಸೋಬಾ ತಿನ್ನಬಹುದಲ್ಲವಾ?

ಪೊಟ್ಟಣ ಓದದೆ ಬೇಡ. ಎಷ್ಟೋ ಸೋಬಾದಲ್ಲಿ ಗೋಧಿ ಇರುತ್ತದೆ. ನಿಹಾಚಿ ಅಂದರೆ ಎಂಟು ಪಾಲು ಬಕ್‌ವೀಟ್, ಎರಡು ಪಾಲು ಗೋಧಿ. ಜುವಾರಿ ಅಂತ ಇದ್ದರೆ ಪೂರ್ತಿ ಬಕ್‌ವೀಟ್. ಮಾಮೂಲಿ ಸೋಯಾ ಸಾಸಿನಲ್ಲೂ ಗೋಧಿ ಇದೆ. ಬಕ್‌ವೀಟ್‌ಗೇ ತೀವ್ರ ಅಲರ್ಜಿ ಇರುವವರೂ ಇದ್ದಾರೆ, ಅತಿಥಿಗಳನ್ನು ಮೊದಲೇ ಕೇಳಿ.

ಬೇಯಿಸಿದ ನೀರನ್ನು ಚೆಲ್ಲಿಬಿಡೋದಾ?

ಗೋಧಿ ನೂಡಲ್ಸ್‌ನದು ಉಪ್ಪುಪ್ಪು, ಕ್ಷಾರ ಹಾಕಿದ್ದಾದರೆ ಸೋಡಾ ವಾಸನೆ, ಚೆಲ್ಲಿ. ಸೋಬಾದ್ದನ್ನು ಮಾತ್ರ ಇಟ್ಟುಕೊಳ್ಳಿ. ಜಪಾನಿನ ಸೋಬಾ ಅಂಗಡಿಗಳಲ್ಲಿ ಊಟದ ಕೊನೆಗೆ ಆ ಕದಡಿದ ಬಿಸಿನೀರನ್ನು ಹೂಜಿಯಲ್ಲಿ ತಂದಿಡುತ್ತಾರೆ, ಸೋಬಾಯು ಅಂತ. ನೂಡಲ್ಸ್ ಅದ್ದಿ ತಿಂದು ಬಟ್ಟಲಿನ ತಳದಲ್ಲಿ ಉಳಿದ ಸಾಸಿಗೆ ಅದನ್ನು ಬಗ್ಗಿಸಿಕೊಂಡು, ಈರುಳ್ಳಿ ಸೊಪ್ಪಿನ ಚೂರಿದ್ದರೆ ಹಾಕಿಕೊಂಡು, ಬಿಸಿಬಿಸಿ ಕುಡಿಯುವುದು.